ಟವಲ್ ಕೆಳಗಿನ ಮೂರು ಬೆರಳು

ಗಾಣಕ್ಕೆ ಸಿಕ್ಕಿ ಹೋಗಿದ್ದಲ್ಲ ಕಣ್ರೋ ಈ ಎರಡು ಬೆರಳು, ನಿಮ್ಮಜ್ಜಿ ಹಂಗೇ ಹೇಳ್ತಾಳೆ, ನಾನೂ ಮೊದ್ಲು ಹಂಗೇ ಹೇಳ್ತಿದ್ದೆ. ಎಮರ್ಜೆನ್ಸಿ ಇನ್ನೂ ಬಂದಿರ್ಲಿಲ್ಲ. ದೀನಿಗೋಸ್ಕರ, ಅಂದ್ರೆ ನಮ್ಮ ಧರ್ಮಕ್ಕೋಸ್ಕರ, ರಕ್ತ ಹರಿಸ್ತೀವಿ ಅಂತ ಹತ್ತು ಹುಡುಗ್ರನ್ನ ಕಟ್ಕಂಡು ನಾನೇ ಮುಖಂಡ ಆಗಿದ್ದೆ, ಇಲ್ಲಲ್ಲ, ಬ್ಯಾರೆ ಊರಾಗೆ, ಅದ್ರ ಹೆಸರು ಬ್ಯಾಡ ಬಿಡ್ರಿ. ಬಾಂಬು ಕಟ್ಟುವಾಗ ಕೈಯಾಗೇ ಸಿಡೀತು. ನನಗೆ ಬೆರಳು ಹೋತು, ಪಕ್ಕದಾಗೆ ಕುಂತಿದ್ದ ಚಿಕ್ಕಪ್ಪನ ಮಗ ಸತ್ತೇ ಹೋದ. ಅವನ ಹೆಣ ಬಿಟ್ಟು ಓಡಿದೆ. ಓಡಿ, ಹಿರಿಯೂರಿಗೆ ಬಂದು ಕುರಿ ವ್ಯಾಪಾರಕ್ಕಿಳಿದೆ. ಕುರಿ ಸಂತೇಲಿ ದರ ಬಾಯಲ್ಲಿ ಹೇಳಂಗಿಲ್ಲ, ಗೊತ್ತಲ್ಲ, ಕೈಮೇಲೆ ಟವಲ್ ಹೊದ್ದಿಸಿ ಅದರ ಕೆಳಗೆ ಬೆರಳು ಹಿಡಿದೇ ತಿಳಿಸ್ಬೇಕು. ಅದೂ ಬಲಗೈ. ನನ್ನ ಬಲಗೈಯಾಗೆ ಮೂರೇ! ಐಮಂಗಲದ ಕಡೆ ಕುರಿ ಕಾಯೋ ಚಿತ್ತಯ್ಯ ಮಾವ ಒಬ್ನೇ, "ಗಾಣ ತಿಂದ್ರೆ ಏನಾತು ಬಿಡಪ್ಪ, ಇಲ್ಲದ ಬೆರಳಿಗೆ ಮಣಿಕಟ್ಟು ಹಿಡಿಯಾಣ" ಅಂತ ನನಗೋಸ್ಕರ ಹೊಸ ರೀತಿ ಮಾಡ್ಕಂಡ. ಮೂರು ವರ್ಷ ಹಂಗೇ ನಡೀತು.

ಒಂದಿನ ಸಂತೇಲಿ ಯಾವನೋ ಟವಲ್ ಒಳಗೆ ನನ್ನ ಕೈ ಹಿಡಿದ. ದರ ಹೇಳ್ಲಿಲ್ಲ. ಬೆರಳು ಇಲ್ಲದ ಜಾಗ ಸವರಿದ. ಮುಖ ನೋಡ್ತೀನಿ, ನಮ್ಮ ಹಳೇ ಗುಂಪಿನ ಗಫೂರ! "ಭಾಯ್, ಹುಡುಗ್ರು ಕಾಯ್ತಾವ್ರೆ. ಈಗ್ಲೇ ನನ್ನ ಜತೆ ಹೊರಡು. ಇಲ್ಲಾಂದ್ರೆ ಈ ಟವಲ್ ಎತ್ತಿ, ಇದು ಬಾಂಬಿನ ಕೈ ಅಂತ ಕೂಗ್ತೀನಿ." ನಗ್ತಾನೇ ಹೇಳಿದ ಬಡ್ಡಿಮಗ. ಹೋದ್ರೆ ಇನ್ನೊಬ್ಬರ ಮಗನ ಹೆಣ, ಹೋಗದಿದ್ರೆ ಜೈಲು. ಆದ್ರೆ ವ್ಯಾಪಾರಸ್ಥ ಅಲ್ವೇನ್ರೋ ನಾನು, ನಿಂತಲ್ಲೇ ಯೋಚಿಸ್ದೆ: ಇವನ ಹತ್ರ ಇರೋ ಮಾಲು ಒಂದೇ, ನನ್ನ ಗುಟ್ಟು. ಅದನ್ನ ನಾನೇ ಬಿಟ್ಟಿ ಹಂಚಿಬಿಟ್ರೆ?

ಟವಲ್ ಕಿತ್ತೆಸೆದೆ. "ಚಿತ್ತಯ್ಯ ಮಾವ, ಗಾಣ ಅಲ್ಲ! ಬಾಂಬು ಕಟ್ಟಾಕೆ ಹೋಗಿ ಹೋದ ಬೆರಳು ಇವು!"

ಗಫೂರ ಕುರಿಗಳ ನಡುವೆ ತೂರಿ ಓಡಿದ. ಮಾವ ನನ್ನ ಹತ್ರ ಬಂದ.

"ಯಾರನ್ನ ಕೊಲ್ಲಾಕೆ ಕಟ್ತಿದ್ದೆ?"

"ನಿಮ್ಮಂಥೋರ್ನೇ."

ಕೋಲು ಎತ್ತಿದ. ನಾನು ಅಲುಗಾಡ್ಲಿಲ್ಲ. ಆಮೇಲೆ ಇಳಿಸಿದ. "ನಡಿ ಠಾಣೆಗೆ. ನಿನ್ನ ಕುರಿ ನಾನು ನೋಡ್ಕಂತೀನಿ."

ನಡೆದೆ. ಗುಂಪಿನೋರ ಹೆಸರೆಲ್ಲ ಬರೆಸಿದೆ, ಮೊದ್ಲು ನಂದೇ. ಜೈಲು ಮುಗಿಸಿ ಬಂದು ಅದೇ ಸಂತೇಲಿ ನಿಂತ್ರೆ ಒಬ್ರೂ ಕೈ ಕೊಡ್ಲಿಲ್ಲ. ಬಿಸಿಲು ನೆತ್ತಿಗೆ ಬಂದ ಮೇಲೆ ಚಿತ್ತಯ್ಯ ಮಾವ ಬಂದ, ಟವಲ್ ಹೊದ್ದಿಸಿ ಮೂರು ಬೆರಳೂ ಮಣಿಕಟ್ಟೂ ಬಿಗಿಯಾಗಿ ಹಿಡಿದ. ದರ ಮಾತ್ರ ಎಂಥಾ ದುಬಾರಿ ಹೇಳ್ದ ಅಂತೀರಿ! ಚೌಕಾಸಿ ಮಾಡದೇ ಕೊಟ್ಟೆ. ಟವಲ್ ಕೆಳಗೆ ದರ ಮುಚ್ಚಿಡ್ರಿ, ಕೈ ಮುಚ್ಚಿಡಬ್ಯಾಡ್ರಿ. ಏಳ್ರೋ, ಉಣ್ಣಾಣ.