ಎದೆಗಂಟಿದ ಗದ್ದ

ಮಾತು ಕಡಿಮೆಯಾದ ಕಾರಣ ಮನೆಯಲ್ಲೂ ಕೆಲಸದಲ್ಲೂ ಎಲ್ಲರೂ ಮೂಗಿ ಎಂದೇ ಕರೆಯುವ ನಾನು, ವಯಸ್ಸು ಹತ್ತೊಂಬತ್ತು, ಓದಿದ್ದು ಐದನೇ ತರಗತಿ, ಕೆಲಸ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವುದು, ವಾಸ ನೂಲಿನ ಗೋದಾಮಿನ ಹಿಂದಿನ ಸಾಲುಮನೆ, ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಮೃತನು ನನ್ನ ಸ್ವಂತ ಅಣ್ಣ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದನು. ಮಾತು ನಿಲ್ಲಿಸದ ಕಾರಣ ಅಲ್ಲಿಯವರು ಅವನನ್ನು ರೇಡಿಯೋ ಎನ್ನುತ್ತಿದ್ದರು. ಆರು ತಿಂಗಳ ಹಿಂದೆ ಹಬೆಯ ಕೊಳವೆ ಕಿತ್ತುಬಂದು ಅವನ ಮುಖ, ಕುತ್ತಿಗೆ ಬೆಂದವು. ಆ ಬಗ್ಗೆ ಆಗಲೇ ಬೇರೆ ಹೇಳಿಕೆ ಆಗಿದೆ.

ಮನೆಗೆ ಕಳಿಸುವಾಗ ನರ್ಸ್ ನನ್ನ ತಾಯಿಗೆ, ಹೊಸ ಚರ್ಮ ಕುಗ್ಗಿ ಎಳೆಯುತ್ತದೆ, ಆದ್ದರಿಂದ ತಲೆಗೆ ದಿಂಬು ಕೊಡಬಾರದು, ಭುಜದ ಕೆಳಗೆ ಬಟ್ಟೆಯ ಸುರುಳಿ ಇಟ್ಟು ತಲೆ ಹಿಂದಕ್ಕೆ ಬಾಗುವಂತೆ ಮಲಗಿಸಬೇಕು, ದಿನವೂ ಹಲ್ಲುಗಳ ನಡುವೆ ಮರದ ಕಡ್ಡಿ ಜೋಡಿಸಿ ಬಾಯಿ ಅಗಲಿಸಬೇಕು ಎಂದು ತಿಳಿಸಿದರು. ತಾಯಿ ಆಗಲಿ ಎಂದರು.

ಒಂದು ವಾರ ಹಾಗೆಯೇ ಮಾಡಿದೆವು. ಅಣ್ಣನಿಗೆ ನಿದ್ದೆ ಬರಲಿಲ್ಲ. "ಕೋಳಿ ಕುಯ್ಯೋಕೆ ಮಲಗಿಸಿದ ಹಾಗಿದೆ ಕಣಮ್ಮ" ಎಂದನು. ತಾಯಿ, "ನನ್ನ ಮಗನಿಗೆ ಒಂದು ದಿಂಬಿಗೂ ಗತಿ ಇಲ್ವಾ" ಎಂದು ಅತ್ತು ತಮ್ಮ ದಿಂಬನ್ನೇ ಕೊಟ್ಟರು. ಅಂದು ಅವನು ಬೆಳಗಿನವರೆಗೂ ಮಲಗಿದನು. ತಾಯಿ ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದರು. ತುಟಿಯ ಮೂಲೆ ಸೀಳಿ ರಕ್ತ ಬರುತ್ತದೆಂದು ಕಡ್ಡಿಯನ್ನೂ ಬಿಡಿಸಿದರು.

ಕ್ರಮೇಣ ಗದ್ದ ಎದೆಗೆ ಅಂಟಿತು. ಬಾಯಿಯಲ್ಲಿ ಎರಡು ಬೆರಳು ಹಿಡಿಯುತ್ತಿದ್ದುದು ಒಂದಾಯಿತು, ಆಮೇಲೆ ಹೀರುಗೊಳವೆ ಮಾತ್ರ. ಜೊಲ್ಲು ನಿಲ್ಲುತ್ತಿರಲಿಲ್ಲ. ಜೊತೆಗೆಲಸದವನೊಬ್ಬ ಬಂದು "ಏನೋ ರೇಡಿಯೋ, ಸ್ಟೇಷನ್ ಸಿಗ್ತಿಲ್ವಾ" ಎಂದಾಗ ಅಣ್ಣ ಮೂಗಿನಲ್ಲಿ ನಕ್ಕನು. ಕೆಳತುಟಿ ಕೆಳಕ್ಕೆ ಎಳೆದುಕೊಂಡು ಮೇಲಿನ ತುಟಿಗೆ ಕೂಡದ ಕಾರಣ ಅವನಿಗೆ ಅಮ್ಮ ಎನ್ನಲು ಆಗುತ್ತಿರಲಿಲ್ಲ. ಅವನು ಯಾವ ಸದ್ದು ಮಾಡಿದರೂ ತಾಯಿ ಬಂದೆ ಎನ್ನುತ್ತಿದ್ದರು.

ಕಳೆದ ಸೋಮವಾರ ಅಂಟಿದ ಚರ್ಮ ಬಿಡಿಸುವ ಆಪರೇಷನ್‌ಗೆ ಕರೆದೊಯ್ದೆವು. ಅರಿವಳಿಕೆಯ ವೈದ್ಯರು, ಬಾಯಿ ತೆರೆಯದು, ಕತ್ತು ಹಿಂದಕ್ಕೆ ಬಾಗದು, ಉಸಿರಿನ ನಳಿಕೆ ಇಳಿಸಲು ದಾರಿಯಿಲ್ಲ, ದೊಡ್ಡ ಆಸ್ಪತ್ರೆಯಲ್ಲಿ ಸರದಿ ಬರುವವರೆಗೆ ಕಾಯಿರಿ ಎಂದು ವಾಪಸು ಕಳಿಸಿದರು.

ನಿನ್ನೆ ಬೆಳಿಗ್ಗೆ 7.40ಕ್ಕೆ ತಾಯಿ ಹಾಲು ಕುಡಿಸುವಾಗ ನೆತ್ತಿಗೇರಿತು. ತಲೆ ಎತ್ತಿ ಕೆಮ್ಮಲು ಅವನಿಂದ ಆಗಲಿಲ್ಲ. 8.05ಕ್ಕೆ ಆಸ್ಪತ್ರೆ ಮುಟ್ಟಿದೆವು. ಬಾಯಿಯಿಂದ ನಳಿಕೆ ಹೋಗಲಿಲ್ಲ. ಕೊರಳು ಕೊಯ್ದು ನಳಿಕೆ ಇಡೋಣವೆಂದರೆ ಗದ್ದದ ಕೆಳಗೆ ಕೊರಳೇ ಸಿಗಲಿಲ್ಲ ಎಂದು ವೈದ್ಯರು ಹೇಳಿದರು. 8.20ಕ್ಕೆ ತೀರಿಕೊಂಡನು.

ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ದಿಂಬು ಕೊಡುತ್ತಿದ್ದಿರಾ ಎಂದು ಕೇಳಿದರು. ಹೌದು ಎಂದೆನು. ಅವರು ಹೀಗೆ ಕೇಳಿದ್ದು ತಾಯಿಗೆ ಗೊತ್ತಿಲ್ಲ. ತಾಯಿ ನಿನ್ನೆಯಿಂದ, "ಹಾಲು ಬಿಸಿ ಇತ್ತೇನೇ" ಎಂದು ಕೇಳುತ್ತಲೇ ಇದ್ದಾರೆ. ಇರಲಿಲ್ಲ ಎಂದು ಹೇಳುತ್ತಿದ್ದೇನೆ.

ಅಣ್ಣನ ಸಾವಿನಲ್ಲಿ ನನಗೆ ಯಾರ ಮೇಲೂ ಅನುಮಾನವಿಲ್ಲ. ತಾಯಿ ಹೊರಗೆ ಬೆಂಚಿನ ಮೇಲೆ ಕುಳಿತಿರುವುದರಿಂದ, ನನ್ನ ಕೋರಿಕೆಯಂತೆ ಪೊಲೀಸರು ಬಾಗಿಲು ಮುಚ್ಚಿ, ಮೆಲುದನಿಯಲ್ಲಿ ಈ ಹೇಳಿಕೆಯನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಠಾಣೆಯ ಒಳಕೋಣೆ
ದಿನಾಂಕ: 14, ಗುರುವಾರ
ಸಹಿ: ಮೃತನ ತಂಗಿ