ಎರಡು ಕಣ್ಣಿಗೂ ಒಂದೇ ನೀಲಿ

ಅಲ್ಲಾಡ್ಬೇಡ ಅಂದ್ನಲ್ಲೇ ಶಾಂಭವಿ! ಉರಿಯುತ್ತೆ, ಗೊತ್ತು. ಹಲ್ಲು ಕಚ್ಕೊಂಡು ಕೂತ್ಕೋ. ನಿಮ್ಮಣ್ಣ ಎಂಟನೇ ಮೈಲಿ ಸ್ಟಾಪಲ್ಲಿ ಬಸ್ ಇಳಿದೆ ಅಂತ ಫೋನ್ ಮಾಡಿ ಆಗಿದೆ, ನೀನಿನ್ನೂ ಬದನೆಕಾಯಿ ಅಂಟಿಸ್ಕೊಂಡಿರೋ ಹಂಗೆ ಕಣ್ಣು ಇಟ್ಕೊಂಡು ಕೂತಿದ್ದೀಯ... ಎತ್ತು, ಗದ್ದ ಎತ್ತು. ಕಿಟಕಿ ಕಡೆ ತಿರುಗು.

ಏನು, ನಗ್ತಿದ್ದೀಯಾ? ಅಳ್ತಿದ್ದೀಯಾ? ಅಳ್ಬೇಡ ತಾಯಿ, ಬಳ್ದಿದ್ದೆಲ್ಲ ಕೆನ್ನೆಗೆ ಇಳಿಯುತ್ತೆ.

ಇದಾ? ಹೂಂ, ಲಿಪ್‌ಸ್ಟಿಕ್ಕೇ. ಕಣ್ಣಿನ ಕೆಳಗೆ ಲಿಪ್‌ಸ್ಟಿಕ್ ಬಳೀತಿದ್ದಾಳೆ, ಈ ಹೇಮಕ್ಕನಿಗೆ ತಲೆ ಕೆಟ್ಟಿದೆ ಅನ್ಕೊಂಡ್ಯಾ? ಕಿತ್ತಳೆ ಬಣ್ಣ ನೀಲಿನ ನುಂಗುತ್ತೆ ಕಣೇ. ಬರೀ ಕ್ರೀಮ್ ಮೆತ್ತಿದ್ರೆ ಒಲೆ ಬೂದಿ ಬಳಿದ ಹಂಗೆ ಕಾಣುತ್ತೆ. ಮೊದ್ಲು ಕಿತ್ತಳೆ, ಆಮೇಲೆ ಕ್ರೀಮ್, ಮೇಲೆ ಪೌಡರ್. ಉಜ್ಜಬಾರದು, ತಟ್ಟಬೇಕು. ಉಂಗುರದ ಬೆರಳಲ್ಲಿ. ಆ ಬೆರಳಿಗೆ ಬಲ ಕಮ್ಮಿ, ನೋಯಲ್ಲ.

ಎಲ್ಲಿ ಕಲಿತ್ಯಕ್ಕಾ ಅಂದ್ರೆ? ಮೊಬೈಲಲ್ಲಿ! ಇನ್ನೆಲ್ಲಿ? ಎಸ್ಸೆಸ್ಸೆಲ್ಸೀಲಿ ಇದನ್ನ ಇಟ್ಟಿದ್ರೆ ಬಾಗಲಗುಂಟೆಗೇ ಫಸ್ಟ್ ಬರ್ತಿದ್ದೆ.

ತಗೋ, ಈ ಫೋನ್ ಹಿಡ್ಕೊಂಡು ನೋಡ್ತಿರು, ಕೈಯಾದ್ರೂ ಸುಮ್ನಿರುತ್ತೆ. ಫಾರಿನ್ ಫ್ಯಾಷನ್ ಶೋ. ಮಗಳು ರಕ್ಷಿತಾ ಮಲಗಿದ್ರೆ ಸಾಕು, ನನಗಿದೇ ಹುಚ್ಚು. ನೋಡು ಈ ಉದ್ದನೆಯವಳನ್ನ, ಕರೆಂಟ್ ಕಂಬಕ್ಕೆ ಬಟ್ಟೆ ಸುತ್ತಿದ ಹಂಗಿದ್ದಾಳೆ. ಆ ಗೌನಿನ ಅಂಚು ನೋಡಿದ್ಯಾ? ಮಡಿಸಿ ಹೊಲ್ದೇ ಇಲ್ಲ! ದಾರ ಜೋತಾಡ್ತಿದೆ! ನಮ್ಮ ಗಾರ್ಮೆಂಟ್ಸ್ ಲೈನಲ್ಲಿ ನಾನು ಹಿಂಗೆ ಬಿಟ್ರೆ ಚೆಕಿಂಗ್ ಸೋಮಪ್ಪ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ, ‘ಏನಮ್ಮಾ ಇದು, ನಿಮ್ಮ ಮನೆ ಕರ್ಟನ್ನಾ?’ ಅಂತ ವಾಪಸ್ ಎಸೀತಾನೆ. ಅಲ್ಲಿ ನೋಡು, ಚಪ್ಪಾಳೆ! ಮುಂದಿನ ಸಾಲಿನಲ್ಲಿ ಕೂತವ್ರು ಒಬ್ರೂ ನಗಲ್ಲ. ತಿಥಿ ಊಟಕ್ಕೆ ಎಲೆ ಹಾಕೋದನ್ನ ಕಾಯ್ತಿರೋ ಹಂಗೆ ಮುಖ.

ಈ ಅರಿಶಿನ ಬಣ್ಣದ್ದು ಮಾತ್ರ... ಆಹಾ. ಬೆನ್ನಿನ ಹೊಲಿಗೆ ನೋಡೇ. ಎಲ್ಲಿ ಶುರುವಾಯ್ತು, ಎಲ್ಲಿ ಮುಗೀತು ಗೊತ್ತೇ ಆಗಲ್ಲ. ಅದನ್ನ ಹೊಲಿದವಳ ಕೈ ಸಿಕ್ಕಿದ್ರೆ ಕಣ್ಣಿಗೊತ್ಕೋತೀನಿ. ಕಾಲು ಊರಿದ್ರೆ ರೇಷ್ಮೆ ಒಂದು ಕ್ಷಣ ಅಲ್ಲೇ ನಿಲ್ಲುತ್ತೆ, ಆಮೇಲೆ ಅವಳ ಹಿಂದೆ ಹೋಗುತ್ತೆ.

ಈಗ ಬರ್ತಾಳೆ ನೋಡು... ಇವಳು! ಇವಳೇ! ಕಣ್ಣಿನ ಸುತ್ತ ನೀಲಿ, ತುಟಿ ಒಡೆದ ಹಂಗೆ ಕೆಂಪು, ಕೂದಲು ಯಾರೋ ಹಿಡಿದು ಎಳೆದಾಡಿದ ಹಂಗೆ. ಇದು ಈ ಸಲದ ಲುಕ್ಕಂತೆ. ಬಳಿಯೋಕೇ ಮೂರು ಜನ ಇರ್ತಾರಂತೆ. ನಿನಗೆ ನಿನ್ನ ಗಂಡ ಬಸಲಿಂಗ ಒಬ್ಬನೇ ಬಿಟ್ಟಿ ಮಾಡ್ಕೊಟ್ಟಿದ್ದಾನೆ, ಅಷ್ಟೇ ವ್ಯತ್ಯಾಸ!

...ತಪ್ಪಾಯ್ತು. ತಪ್ಪಾಯ್ತು ಕಣೇ, ಕೈ ಬಿಡು, ಕೂತ್ಕೋ. ಈ ನಾಲಿಗೆಗೆ ಬೆಂಕಿ ಹಾಕ.

ಆದ್ರೆ ಕೇಳು. ನಿಮ್ಮಣ್ಣ ಅಮರೇಶ ಲಿಂಗಸುಗೂರಿಂದ ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಬಂದಿದ್ದಾನೆ. ಈ ಕಣ್ಣು ಕಂಡ್ರೆ ಒಂದು ಲೋಟ ನೀರೂ ಕುಡಿಯಲ್ಲ, ನಿನ್ನ ಕೈ ಹಿಡ್ಕೊಂಡು ಅದೇ ದಾರೀಲಿ ವಾಪಸ್. ಆಮೇಲೆ? ಊರವ್ರು ಬಸಲಿಂಗನ್ನ ಕೇಳ್ತಾರಾ? ನಿನ್ನ ಕೇಳ್ತಾರೆ. ಅದಕ್ಕೇ ಹೇಳ್ತಿರೋದು, ಇವತ್ತೊಂದಿನ ಮುಚ್ಚಿಬಿಡೋಣ. ಕೊಳಾಯಿ ಹತ್ರ ಜಾರಿ ಬಿದ್ದೆ ಅನ್ಬೇಡ, ಎಲ್ರೂ ಅದನ್ನೇ ಹೇಳಿ ಹೇಳಿ ಹಳಸಿಹೋಗಿದೆ. ಏನೂ ಹೇಳ್ಬೇಡ. ಉಪ್ಪಿಟ್ಟು ಹಾಕಿ ಕೊಡು, ನಗು, ಎಡಗಡೆ ತೋರಿಸ್ಬೇಡ.

ಹೋಗ್ಬೇಕು ಅಂತ ಇದ್ಯಾ ನಿನಗೆ? ಹೇಳು.

ಎಲ್ಲ ಗಂಡಸರೂ ಹಂಗಲ್ಲ ಕಣೇ. ನನ್ನ ಗಂಡ ನರೇಶ ಇಲ್ವಾ? ಚಿನ್ನ. ಹೋದ ಆಯುಧಪೂಜೆ ದಿನ ಬೆಳಿಗ್ಗೆ ಬೆಳಿಗ್ಗೆ ದಾಸರಹಳ್ಳಿಗೆ ಹೋಗಿ, ಫ್ಯಾನ್ಸಿ ಸ್ಟೋರಿನವನನ್ನ ಎಬ್ಬಿಸಿ, ಕಣ್ಣಿಗೆ ಹಚ್ಚೋ ಬಣ್ಣದ ಡಬ್ಬಿ ತಂದ್ಕೊಟ್ಟ. ನಾನು ಕೇಳೇ ಇರ್ಲಿಲ್ಲ! ತಾನೇ ತಂದ, ಮುಂದಿಟ್ಟ, ತಲೆ ತಗ್ಗಿಸ್ಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಯಾಕೆ ಅಂದ್ರೆ... ಪ್ರೀತಿ ಕಣೇ! ಅದಕ್ಕೂ ಯಾಕೆ ಅಂತಾರಾ?

ಅಲ್ಲಿ ಗೋಡೆ ಮೇಲಿದ್ಯಲ್ಲ ಫೋಟೋ, ಅದು ಅವತ್ತಿನದೇ. ಮೆಷಿನ್ನಿಗೆಲ್ಲ ಹೂವು, ಕುಂಕುಮ, ಬೂದುಗುಂಬಳ ಒಡೆದು ಆದ್ಮೇಲೆ ಕಟಿಂಗ್ ಟೇಬಲ್ಲುಗಳನ್ನ ಸಾಲಾಗಿ ಜೋಡಿಸಿ ನಮಗೇ ಒಂದು ರ್ಯಾಂಪ್. ಎಚ್‌ಆರ್ ಮೇಡಮ್ಮೇ ಜಡ್ಜು. ಎಲ್ರೂ ಒಂದೇ ಥರ, ಮಲ್ಲಿಗೆ, ಲೈನರ್, ಕೆಂಪು ತುಟಿ. ನಾನು? ಹಸಿರು ಸೀರೆ, ಕೂದಲು ಬಿಟ್ಟು, ಎರಡು ಕಣ್ಣಿಗೂ ಹುಬ್ಬಿನ ತನಕ ನೀಲಿ! ನೇರಳೆ, ನೀಲಿ, ಅಂಚಿಗೆ ಒಂಚೂರು ಹಳದಿ. ಇಡೀ ಫ್ಲೋರು ಬಾಯಿ ಬಿಟ್ಕೊಂಡು ನೋಡ್ತು. ‘ಹೇಮಲತಾ, ವಾಟ್ ಎ ಬೋಲ್ಡ್ ಲುಕ್! ಎಲ್ಲಿ ನೋಡಿ ಮಾಡಿದ್ದು?’ ಅಂದ್ರು ಮೇಡಂ. ‘ಮನೇಲೇ’ ಅಂದೆ. ಎಲ್ರೂ ನಕ್ರು. ಫಸ್ಟ್ ಪ್ರೈಜು ನಂದೇ. ಈ ಹಾಟ್‌ಬಾಕ್ಸ್ ಅದೇ. ಆಮೇಲೆ ಮಹಿಳಾ ದಿನಾಚರಣೇಲಿ ನೋಡ್ಬೇಕಿತ್ತು, ನಮ್ಮ ಲೈನಿನ ಹುಡುಗೀರೆಲ್ಲ ಕಣ್ಣಿಗೆ ನೀಲಿ ಬಳ್ಕೊಂಡು ಬಂದಿದ್ರು! ‘ಹೇಮಕ್ಕನ ಸ್ಟೈಲು’ ಅಂತೆ. ಬಣ್ಣ ಎಲ್ಲಿಂದ ಶುರು ಮಾಡ್ಬೇಕು ಅಂತ ಒಬ್ಳು ಕೇಳಿದ್ಲು. ಎಡಗಣ್ಣಿಂದ ಅಂದೆ. ಎಡಗಣ್ಣು ಹೆಂಗಿದ್ಯೋ ನೋಡ್ಕೊಂಡು ಬಲಗಣ್ಣಿಗೆ ಹಂಗೇ...

ಏನು?

ಏನೂ ಹೇಳ್ಲಿಲ್ಲ ನಾನು. ಎಲ್ಲಿಗೆ ಎದ್ದೆ? ಪೌಡರ್ ಇನ್ನೂ ಹಾಕಿಲ್ಲ, ಬಾ ಇಲ್ಲಿ. ಅಷ್ಟು ಹತ್ರ ಹೋಗಿ ಏನು ನೋಡ್ತೀಯ ಆ ಫೋಟೋನ, ಹಳೇದು... ಧೂಳು ಕೂತಿದೆ...

ಫ್ಲಾಶ್ ಕಣೇ ಅದು. ಫ್ಲಾಶ್ ಹೊಡೀತು, ಅದಕ್ಕೆ ಕಣ್ಣು ಕಿರಿದಾಗಿದೆ. ಹೂಂ, ಎಡಗಣ್ಣು ಮಾತ್ರ. ಬಲಗಣ್ಣು ಪೂರ್ತಿ ತೆರೆದಿದೆ, ನನಗೂ ಕಾಣುತ್ತೆ. ಫ್ಲಾಶ್ ಒಂದೇ ಕಣ್ಣಿಗೆ ಹೊಡೆಯುತ್ತಾ ಅಂತ ಬಾಯಿಬಿಟ್ಟು ಕೇಳ್ಬಾರ್ದಾ? ಕೇಳು! ಸೋಮಪ್ಪ ಸ್ಟಿಕ್ಕರ್ ಹುಡುಕೋ ಹಂಗೆ ನನ್ನ ಯಾಕೆ ನೋಡ್ತೀಯ? ಒಂದ್ಸಲ ಫೋಟೋ, ಒಂದ್ಸಲ ಕನ್ನಡಿ, ಒಂದ್ಸಲ ನಾನು... ಮಾತಾಡೇ ಶಾಂಭವಿ. ಬೈಯೋದಾದ್ರೆ ಬೈ. ನಗೋದಾದ್ರೆ ನಗು.

ಏಯ್... ಏಯ್! ಹತ್ತಿ ನೀರಲ್ಲಿ ಅದ್ದಿದ್ಯಾಕೆ? ಒರೆಸ್ಬೇಡ್ವೇ! ಅಯ್ಯೋ, ಅಷ್ಟೊತ್ತು ಕೂತು ತಟ್ಟಿದ್ದು... ಪೂರ್ತಿ ತೆಗೀತಿದ್ದೀಯಲ್ಲೇ... ಕೇಳಿಸ್ತಾ? ಗೇಟ್ ಹತ್ರ ನಿಮ್ಮಣ್ಣ ಕೂಗ್ತಿದ್ದಾನೆ. ಈ ಮುಖ ಇಟ್ಕೊಂಡೇ ಅವನ ಎದುರಿಗೆ ಹೋಗ್ತೀಯಾ? ಎಲ್ರೂ ಬಾಗಿಲಲ್ಲಿ ನಿಂತಿರ್ತಾರೆ, ಹಿಂಗೇ ಹೋಗ್ತೀಯಾ?

...ಹೋಗು. ಸರಿ, ಹೋಗು. ಸೆರಗು ಸರಿ ಮಾಡ್ಕೋ.

ಇದ್ಯಾಕೆ? ನನಗ್ಯಾಕೆ ಹತ್ತಿ ಕೊಡ್ತಿದ್ದೀಯ? ನನ್ನ ಮುಖದಲ್ಲಿ ಒರೆಸೋಕೆ ಏನಿದೆ? ಬೇಡ, ಹಿಡೀಬೇಡ ಅದನ್ನ ನನ್ನ ಮುಂದೆ... ಹಂಗೆ ನೋಡ್ಬೇಡ್ವೇ. ಏನೂ ಇಲ್ಲ ಅಂದ್ನಲ್ಲ. ರಕ್ಷಿತಾ ಆಣೆಗೂ ಇಲ್ಲ ಕಣೇ...

ಇವತ್ತು ಏನೂ ಇಲ್ಲ.