ಶನಿಯಾರ ಏಡಿ ಹಾಕಿದ್ದ

ಈ ಸಭೆಯ ಅಧ್ಯಕ್ಷರೂ ನಮ್ಮ ಪುಡಿ ಕಾರ್ಖಾನೆಯ ಮಾಲೀಕರೂ ಆದ ದಿನಕರ ಅವರೇ, ಭಟ್ಕಳದಿಂದ ಬಂದು ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕುಳಿತಿರುವ ಚೀಲದ ವ್ಯಾಪಾರಿ ಸಂದೇಶ ಅವರೇ, ನನ್ನನ್ನು ಹೊಗಳಿ ಹೊಗಳಿ ಗಂಟಲು ಒಣಗಿಸಿಕೊಂಡ ನಿರೂಪಕ ವಿಶಾಲ ಅವರೇ, ನನ್ನ ಜೊತೆ ಇಷ್ಟು ವರ್ಷ ಗಂಧಕದ ಧೂಳು ಕುಡಿದ ಕೆಲಸಗಾರರೇ, ಮೂರನೇ ಸಾಲಿನಲ್ಲಿ ಕುಳಿತಿರುವ ಭಾರತಿ, ಮತ್ತು ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದಿರುವ ಸಭಿಕರೇ,

ಈಗ ನನಗೆ ಶಾಲು ಹೊದಿಸುವಾಗ ಚಟಚಟ ಎಂದು ಸದ್ದಾಯಿತು. ದೇವಣ್ಣನಿಗೆ ಈ ವಯಸ್ಸಿನಲ್ಲೂ ಕರೆಂಟು ಇದೆ ಎಂದು ವಿಶಾಲ ಅವರು ಮೈಕಿನಲ್ಲಿ ಹೇಳಿದರು. ನೀವೆಲ್ಲ ನಕ್ಕಿರಿ. ನಗಿ, ಬೇಡ ಎನ್ನುವುದಿಲ್ಲ. ನಾನು ನಗಲಿಲ್ಲ. ಜನವರಿ ತಿಂಗಳಲ್ಲಿ ಆ ಸದ್ದು ಕೇಳಿದರೆ ನನ್ನ ಎಡಗೈಯ ಕೂದಲು ಏಳುತ್ತದೆ. ಈಗಲೂ ಎದ್ದು ನಿಂತಿದೆ.

ವಿಶಾಲ ಅವರು ನನಗಾಗಿ ಒಂದು ಹಾಳೆ ಭಾಷಣ ಬರೆದು ಕೊಟ್ಟಿದ್ದಾರೆ. ಅದರಲ್ಲಿ 'ಧನ್ಯತಾಭಾವ' ಎಂಬ ಶಬ್ದ ಮೂರು ಸಲ ಇದೆ. ನಾನು ಓದಿದ್ದು ನಾಲ್ಕನೇ ತರಗತಿ. ಹಾಳೆ ಕಿಸೆಯಲ್ಲೇ ಇರಲಿ. ಆ ಹಿಂದಿನ ಸಾಲಿನವರು ಮೊಬೈಲು ಒಳಗಿಡಿ. ಒಂದು ಸಲ ಹೇಳುತ್ತೇನೆ, ಎರಡನೇ ಸಲ ಹೆಸರು ಹಿಡಿದು ಕರೆಯುತ್ತೇನೆ.

ಇವತ್ತು ಈ ಸನ್ಮಾನ ಏಕೆ? ಕಾರ್ಖಾನೆಯ ಒಂದು ಚೀಲವನ್ನೂ ಬಿಸಾಡಲು ಬಿಡದೆ ಹೊಲಿದು ಕೊಟ್ಟ ಮನುಷ್ಯ ಎಂದು. ಊಟವಾದ ಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಚೀಲ ಹೊಲಿಯುವ ಘಟಕದ ಉದ್ಘಾಟನೆ. ಎಂಟು ಹೆಣ್ಣುಮಕ್ಕಳಿಗೆ ಕೆಲಸ. ಭಾರತಿ ಮುಖ್ಯಸ್ಥೆ. ದೀಪ ಹಚ್ಚುವವನು ನಾನು. ಬತ್ತಿ ಹೊಸೆದು ಇಟ್ಟಿದ್ದಾರೆ, ಕಂಡೆ. ನಾನು ಹಚ್ಚುವುದಿಲ್ಲ. ಏಕೆಂದು ಹೇಳದೆ ಇಳಿಯುವುದೂ ಇಲ್ಲ.

ನನ್ನ ಊರು ಅಘನಾಶಿನಿ. ಐದನೇ ತರಗತಿಗೆ ಹೋಗುವ ಮೊದಲೇ ಅಪ್ಪ ಬಲೆ ಕಟ್ಟುವ ಸೂಜಿ ಕೈಗೆ ಕೊಟ್ಟ. ಅಪ್ಪನದು ಒಂದೇ ಪಾಠ: ಹೊಲಿದ ಜಾಗ ಮೀನಿಗೂ ಗೊತ್ತಾಗಬಾರದು. ಗೊತ್ತಾದರೆ ಬೆರಳಿನ ಗಂಟಿಗೆ ಅದೇ ಸೂಜಿಯಿಂದ ಹೊಡೆಯುತ್ತಿದ್ದ. ಹಾಗೆ ಕಲಿತ ಕೈ ಇದು. ದೋಣಿಯ ಕೆಲಸ ಬಿಟ್ಟು ಈ ಕಾರ್ಖಾನೆಗೆ ಚೀಲ ತುಂಬಲು ಬಂದಾಗ, ಹರಿದ ಜಂಬೋ ಚೀಲಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಒಂದು ಟನ್ನು ಹೊರುವ ಚೀಲ, ಗೇಣು ಹರಿದಿದ್ದಕ್ಕೆ ಕಸವಾಗಬೇಕೇ? ನನಗೆ ಸಂಕಟವಾಯಿತು. ಯಾರೂ ಹೇಳದೆ ನಾನೇ ಹೊಲಿಯಲು ಕುಳಿತೆ.

ಹೊಸಬರಿಗೆ ತಿಳಿಯಲಿ ಎಂದು ಹೇಳುತ್ತೇನೆ. ಜಂಬೋ ಚೀಲದಲ್ಲೂ ನಾಲ್ಕೇ ತರಗತಿ, ನನ್ನ ಓದಿನ ಹಾಗೆ. ಎ ಎಂದರೆ ಬರೀ ಚೀಲ. ಉಪ್ಪು ತುಂಬಿ, ಚಿಪ್ಪಿನ ಸುಣ್ಣ ತುಂಬಿ, ಹೊಲಿದು ತುಂಬಿ, ಅದಕ್ಕೆ ನನ್ನ ತಕರಾರಿಲ್ಲ. ಬಿ ಚೀಲದಲ್ಲಿ ದೊಡ್ಡ ಕಿಡಿ ಹುಟ್ಟುವುದಿಲ್ಲ, ಆದರೆ ಕೂಡಿದ ಕರೆಂಟು ಹೊರಗೆ ಹೋಗಲು ಅದರಲ್ಲಿ ದಾರಿ ಇಲ್ಲ. ಸಿ ಚೀಲದಲ್ಲಿ ಕರೆಂಟು ಹರಿಯುವ ಕಪ್ಪು ನೂಲನ್ನು ಚೌಕಳಿಯಾಗಿ ನೇಯ್ದಿರುತ್ತಾರೆ. ಪುಡಿ ಬೀಳುವಾಗ ಉಜ್ಜಿ ಉಜ್ಜಿ ಹುಟ್ಟುವ ಕರೆಂಟು ಆ ನೂಲಿನಲ್ಲಿ ಹರಿದು, ಕ್ಲಿಪ್ಪಿನ ವಾಯರು ಹಿಡಿದು, ನೆಲಕ್ಕೆ ಇಳಿಯುತ್ತದೆ. ಡಿ ಚೀಲಕ್ಕೆ ವಾಯರೇ ಬೇಡ, ತಾನೇ ಗಾಳಿಗೆ ಬಿಡುತ್ತದೆ ಎಂದು ಸಂದೇಶ ಅವರು ಆಗ ಚೆಂದ ಮಾಡಿ ಹೇಳಿದರು. ಎಣ್ಣೆ ಜಿಡ್ಡು ತಾಗಿದರೆ ಅದರ ಗುಣ ಹೋಗುತ್ತದೆ, ಪಕ್ಕದಲ್ಲಿ ನಿಂತ ಮನುಷ್ಯನಿಗೂ ಕಬ್ಬಿಣಕ್ಕೂ ನೆಲದ ಸಂಬಂಧ ಇರಲೇಬೇಕು, ಇದನ್ನು ಹೇಳಲಿಲ್ಲ. ಮರೆತಿರಬಹುದು. ವ್ಯಾಪಾರಿಗಳಿಗೆ ಮರೆವು ಜಾಸ್ತಿ.

ನಮ್ಮದು ಗಂಧಕದ ಪುಡಿ. ದ್ರಾಕ್ಷಿ ತೋಟದವರು ಬೂದಿ ರೋಗಕ್ಕೆ ಒಯ್ಯುತ್ತಾರೆ. ಸೂಜಿ ಮೊನೆಯಷ್ಟು ಕಿಡಿ ಸಾಕು ಆ ಪುಡಿ ಹೊತ್ತಿಕೊಳ್ಳಲು. ಹಾಗಾಗಿ ನಮ್ಮಲ್ಲಿ ಸಿ ಚೀಲ. ಅದರ ಕ್ಲಿಪ್ಪಿಗೆ ನಾವು ಏಡಿ ಎನ್ನುತ್ತೇವೆ, ಹಾಗೆ ಕಚ್ಚಿ ಹಿಡಿಯುತ್ತದೆ. ಆ ಹೆಸರಿಟ್ಟವನು ಶನಿಯಾರ.

ಶನಿಯಾರ ಎಂದರೆ ಭಾರತಿಯ ಗಂಡ. ಚೀಲ ತುಂಬುವಲ್ಲಿ ನನ್ನ ಜೊತೆಗಾರ. ಗೇಟಿನ ಪಕ್ಕದ ಗೋಡೆಯ ಮೇಲೆ ಏಡಿಯ ಚಿತ್ರ ಬರೆಸಿ, ಕೆಳಗೆ 'ಮರೆತವನು ಮನೆಗೆ ಮರಳಲಿಲ್ಲ' ಎಂದು ಬರೆಸಿದ್ದಾರಲ್ಲ, ಆ ಮರೆತವನು. ಒಂಬತ್ತು ವರ್ಷದಿಂದ ಭಾರತಿ ದಿನಾ ಬೆಳಿಗ್ಗೆ ಆ ಅಕ್ಷರದ ಅಡಿಯಿಂದಲೇ ಕೆಲಸಕ್ಕೆ ಬರುತ್ತಾಳೆ.

ನಮ್ಮಿಬ್ಬರ ನಡುವೆ ಒಂದು ಆಟವಿತ್ತು. ನಾನು ಹೊಲಿದ ಚೀಲದಲ್ಲಿ ಕೊನೆಯ ಗಂಟು ಎಲ್ಲಿದೆ ಎಂದು ಅವನು ಬೆರಳಾಡಿಸಿ ಹುಡುಕಬೇಕು. ಸಿಕ್ಕರೆ ನಮ್ಮ ಮನೆಯಲ್ಲಿ ಅವನಿಗೆ ಬಂಗಡೆ ಊಟ. ನಾಲ್ಕು ವರ್ಷದಲ್ಲಿ ಒಂದು ಊಟವನ್ನೂ ಅವನು ಗೆಲ್ಲಲಿಲ್ಲ. ಕಪ್ಪು ನೂಲು ಹರಿದಲ್ಲಿ ನಾನು ಬಲೆಯ ಕಪ್ಪು ನೈಲಾನು ದಾರ ಹಾಕಿ, ಗೆರೆಗೆ ಗೆರೆ ಕೂಡಿಸುತ್ತಿದ್ದೆ. ಭೂತಗನ್ನಡಿ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ನಾನು ಸತ್ತಾಗ ಮೇಲೆ ಹೊದಿಸುವ ಬಟ್ಟೆ ನೀನೇ ಹೊಲಿ ದೇವಣ್ಣ, ಆಚೆ ಲೋಕದವರೂ ಹುಡುಕಲಿ ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದೆವು.

ನಮ್ಮ ಕರಾವಳಿಯಲ್ಲಿ ಒಂಬತ್ತು ತಿಂಗಳು ಗಾಳಿಯಲ್ಲೇ ನೀರು. ಆಗ ಯಾವ ಚೀಲ ಮುಟ್ಟಿದರೂ ಕರೆಂಟು ಬಡಿಯುವುದಿಲ್ಲ. ಜನವರಿಯಲ್ಲಿ ಘಟ್ಟದ ಕಡೆಯಿಂದ ಬೆಳಗಿನ ಒಣಗಾಳಿ ಇಳಿಯುತ್ತದಲ್ಲ, ಆಗ ಚೀಲಕ್ಕೆ ಜೀವ ಬರುತ್ತದೆ.

ಆ ವರ್ಷ ಗಾಳಿ ಬಹಳ ಒಣಗಿತ್ತು. ಅವತ್ತು ಹತ್ತು ಗಂಟೆಯ ಹೊತ್ತಿಗೆ ತುಂಬುತ್ತಿದ್ದ ಚೀಲದಲ್ಲಿ ನನ್ನ ಹೊಲಿಗೆ ಇತ್ತು. ಪುಡಿ ಬೀಳತೊಡಗಿದ ಸ್ವಲ್ಪ ಹೊತ್ತಿಗೆ ಒಂದು ವಿಚಿತ್ರ ಕಂಡೆ. ಗಾಳಿಯಲ್ಲಿ ತೇಲುತ್ತಿದ್ದ ಹಳದಿ ಧೂಳು ಚೀಲದ ಹೊರಗೆ ಒಂದೇ ಜಾಗದಲ್ಲಿ ಬಂದು ಕೂರುತ್ತಿತ್ತು. ಬೇರೆಲ್ಲೂ ಇಲ್ಲ, ನಾನು ಹೊಲಿದಲ್ಲಿ ಮಾತ್ರ. ಅಂಗೈಯಷ್ಟು ಅಗಲ. ಒಳಗಿನಿಂದ ಯಾರೋ ಕೈಯೊತ್ತಿ ನಿಂತ ಹಾಗೆ. ನನಗೆ ಸಿಟ್ಟು ಬಂತು. ಹೊಲಿದ ಜಾಗ ಕಾಣುತ್ತಿದೆಯಲ್ಲ ಎಂಬ ಸಿಟ್ಟು, ಬೇರೆ ಯಾವ ಬುದ್ಧಿಯೂ ಹುಟ್ಟಲಿಲ್ಲ. ಹೆಗಲ ಮೇಲಿನ ಪಂಚೆಯಿಂದ ಒರೆಸಿದೆ. ಮತ್ತೆ ಬಂತು. ಒರೆಸಿದೆ. ಮತ್ತೆ ಬಂತು. ಮೂರನೇ ಸಲ ಒರೆಸುವಾಗ ಪಂಚೆ ಅದಕ್ಕೇ ಅಂಟಿಕೊಂಡಿತು. ಎಳೆದು ಬಿಡಿಸಿಕೊಂಡೆ.

ಅಷ್ಟರಲ್ಲಿ ಶನಿಯಾರ ಆಚೆಯಿಂದ ಸುತ್ತಿ ಬಂದ. ನಾನೇ ಕೆಣಕಿದೆ. "ಇವತ್ತಿನ ಚೀಲದಲ್ಲಿ ನನ್ನ ಕೈ ಅದೆ ತಮಾ. ತಾಕತ್ತಿದ್ರೆ ಹುಡ್ಕು."

ಅವನು ನಕ್ಕು ಬೆರಳು ಚಾಚಿದ. ಅವನ ಮೊಣಕೈಯವರೆಗಿನ ಕೂದಲೆಲ್ಲ ಚೀಲದ ಕಡೆಗೆ ಬಾಗಿದ್ದು ನಾನು ಕಂಡೆ. ಮೀನಿನ ಮುಳ್ಳು ಮುರಿದಷ್ಟು ಸಣ್ಣ ಸದ್ದು. ಟಪ್. ಆಮೇಲೆ ಚೀಲದ ಬಾಯಿಯಿಂದ ಉಸಿರು ಬಿಟ್ಟ ಹಾಗೆ ಒಂದು ದೊಡ್ಡ ಸದ್ದು, ಹೊಗೆ, ಕಣ್ಣು ಕಾಣಲಿಲ್ಲ. ನಾನು ಈ ಬಾಗಿಲಿನಿಂದ ಹೊರಗೆ ಬಿದ್ದೆ, ಅವನು ಆ ಬಾಗಿಲಿನಿಂದ ಅಂಗಳಕ್ಕೆ ಓಡಿದ.

ಗಂಧಕ ಉರಿಯುವುದು ನೀಲಿ. ಬಿಸಿಲಲ್ಲಿ ಆ ಬೆಂಕಿ ಕಾಣುವುದಿಲ್ಲ.

ಅಂಗಳದ ನಡುವೆ ಶನಿಯಾರ ಕೈ ಬಡಿಯುತ್ತ ಕುಪ್ಪಳಿಸುತ್ತಿದ್ದ. ಹೊಗೆ ಕುಡಿದಿದ್ದ, ಕೂಗಲು ಗಂಟಲಿಲ್ಲ. ಮೈ ಮೇಲೆ ನಮಗೆ ಏನೂ ಕಾಣಲಿಲ್ಲ, ಬರೀ ಬಿಸಿಲು. ಯಂತ್ರದ ಗದ್ದಲದಲ್ಲಿ ಒಳಗಿನ ಸದ್ದು ಕೇಳದೆ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬ ಹೇಳಿದ, "ಎಂತದಾ ಇಂವ, ಯಕ್ಷಗಾನಕ್ಕೆ ಹೊರಟ್ನಾ?" ಎಲ್ಲರೂ ನಕ್ಕರು. ಆ ನಕ್ಕವರಲ್ಲಿ ನಾಲ್ಕು ಜನ ಇವತ್ತೂ ಇಲ್ಲಿ ಕುಳಿತಿದ್ದೀರಿ. ತಲೆ ತಗ್ಗಿಸಬೇಡಿ. ನಾನೂ ನಕ್ಕಿದ್ದೆ, ಬದುಕಿ ಹೊರಗೆ ಬಂದನಲ್ಲ ಎಂದು. ಅವನು ಕುಣಿಯುತ್ತ ಕುಣಿಯುತ್ತ ತಗಡಿನ ಮಾಡಿನ ನೆರಳಿಗೆ ಬಂದ. ನೆರಳಿಗೆ ಕಾಲಿಟ್ಟ ಕೂಡಲೇ ನೀಲಿ ಕಂಡಿತು. ತಲೆಯಿಂದ ಸೊಂಟದವರೆಗೆ. ಕತ್ತಲಲ್ಲಿ ಬಲೆ ಎತ್ತುವಾಗ ಕೆಲವೊಮ್ಮೆ ನೀರು ಹೊಳೆಯುತ್ತದಲ್ಲ, ಹಾಗೆ. ನಗು ಎಲ್ಲಿ ನಿಂತಿತು ಎಂದು ನನಗೆ ಇವತ್ತಿಗೂ ಗೊತ್ತಿದೆ, ಆ ನೆರಳಿನ ಗೆರೆಯ ಮೇಲೆ.

ಒದ್ದೆ ಗೋಣಿ ಹೊದಿಸಿ ಕೆಡವಿದೆವು. ಅವನ ಬಲಮುಷ್ಟಿ ಬಿಗಿದಿತ್ತು. ನನ್ನ ಕೈ ಹುಡುಕಿ ಹಿಡಿದು ಮುಷ್ಟಿ ಬಿಚ್ಚಿದ. ಚೀಲ ಕರಗುವಾಗ ಅವನ ಹಿಡಿತದಲ್ಲಿ ಕಿತ್ತು ಬಂದಿದ್ದ ತುಂಡು, ನನ್ನ ಹೊಲಿಗೆಯ ತುಂಡು, ನನ್ನ ಅಂಗೈಯಲ್ಲಿಟ್ಟ. ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ಆ ಗಾಳಿಯಲ್ಲೇ ಹೇಳಿದ.

"ದೇವಣ್ಣ, ಗಂಟು ಸಿಕ್ತು."

ಆಸ್ಪತ್ರೆ ಮುಟ್ಟಲಿಲ್ಲ.

ವಿಚಾರಣೆಗೆ ಬಂದವರಿಗೆ ಸಿಕ್ಕಿದ್ದು ನೇತಾಡುತ್ತಿದ್ದ ಏಡಿ. ಚೀಲವೇ ಉಳಿದಿರಲಿಲ್ಲ, ಏಡಿ ಕಚ್ಚಿಕೊಳ್ಳುವುದು ಯಾವುದನ್ನು? ಅವನು ಕ್ಲಿಪ್ಪು ಹಾಕಿದ್ದನೇ ಎಂದು ನನ್ನನ್ನು ಕೇಳಿದರು. ಪ್ರತಿ ಚೀಲಕ್ಕೂ ಏಡಿ ಹಾಕಿ, "ಕಚ್ತು ದೇವಣ್ಣ" ಎಂದು ಕೂಗುವುದು ಅವನ ಅಭ್ಯಾಸ. ಅವತ್ತೂ ಕೂಗಿದ್ದ. ನನ್ನ ಈ ಎರಡು ಕಿವಿಯಲ್ಲಿ ಕೇಳಿದ್ದೆ. "ನಾ ಕಾಣ್ಲಿಲ್ಲ" ಎಂದುಬಿಟ್ಟೆ. ಏಡಿ ಹಾಕಿದ್ದ ಎಂದರೆ, ಹಾಗಾದರೆ ಚೀಲದಲ್ಲಿ ದೋಷವೇನು ಎಂದು ಕೇಳುತ್ತಾರಲ್ಲ? ನನಗೆ ಆಗ ವಿಷಯ ಗೊತ್ತಿತ್ತೇ? ಗೊತ್ತಿರಲಿಲ್ಲ. ಬೆರಳಿಗೆ ಗೊತ್ತಿತ್ತು.

ಎರಡು ವರ್ಷ ಕಳೆದ ಮೇಲೆ ಚೀಲ ಪರೀಕ್ಷೆ ಮಾಡಲು ಪ್ರಿಯಂವದಾ ಎಂಬ ಹುಡುಗಿ ಬಂದಳು. ಕೈಯಲ್ಲಿ ಸಣ್ಣ ಯಂತ್ರ. ಅದರ ಒಂದು ಮೊನೆಯನ್ನು ಏಡಿ ಕಚ್ಚುವ ಪಟ್ಟಿಗೆ ಇಟ್ಟು, ಇನ್ನೊಂದನ್ನು ಕಪ್ಪು ನೂಲಿನ ಮೇಲೆ ಅಲ್ಲಲ್ಲಿ ಮುಟ್ಟಿಸಿದಳು. ಮುಟ್ಟಿದಲ್ಲೆಲ್ಲ ಯಂತ್ರ ಕೂಗಿತು. ನನ್ನ ಹೊಲಿಗೆಯ ನಡುವೆ ಸಿಕ್ಕಿಕೊಂಡ ನೂಲಿನ ಮೇಲೆ ಇಟ್ಟಾಗ ಸುಮ್ಮನಾಯಿತು. "ಯಾರು ಅಜ್ಜಾ ಇದನ್ನ ಹೊಲ್ದಿದ್ದು? ಎಷ್ಟು ಚೆಂದ ಮಾಡಿದಾರೆ" ಎಂದಳು. ಆಮೇಲೆ ಹೇಳಿದಳು, "ಆದ್ರೆ ಈ ದಾರದಲ್ಲಿ ಕರೆಂಟು ಹರಿಯೂದಿಲ್ಲ, ಇಷ್ಟು ಜಾಗ ಸತ್ತು ಹೋಗಿದೆ. ಏಡಿ ಹಾಕಿದ್ರೂ ಇಲ್ಲಿನ ಕರೆಂಟು ಇಲ್ಲೇ ಕೂತಿರ್ತದೆ. ಯಾರಾದ್ರೂ ಬಂದು ಮುಟ್ಟೂದನ್ನ ಕಾಯ್ತಾ."

ಕಾಯುತ್ತಾ ಎಂದಳು. ಆ ಚೀಲ ಅವಳ ಪಟ್ಟಿಗೆ ಹೋಗುವ ಮೊದಲೇ ನಾನು ಎಳೆದು ಬದಿಗೆ ಹಾಕಿದೆ.

ಕಣ್ಣು ಮಂಜು ಎಂದು ಸುಳ್ಳು ಹೇಳಿ ಅಂದಿನಿಂದ ಚೀಲ ಹೊಲಿಯುವುದು ಬಿಟ್ಟೆ. ಗೋದಾಮಿನಲ್ಲಿದ್ದ ನನ್ನ ಹೊಲಿಗೆಗಳನ್ನು ಹುಡುಕಿ ಹುಡುಕಿ ಕತ್ತರಿಯಿಂದ ಸೀಳಿದೆ. ಎಷ್ಟೋ ಕಡೆ ನನ್ನ ಗಂಟು ನನಗೇ ಸಿಗಲಿಲ್ಲ. ಅನುಮಾನ ಬಂದದ್ದನ್ನೆಲ್ಲ ಸೀಳಿದೆ. ಇಲಿಯ ಕಾಟ ಎಂದು ದಿನಕರ ಅವರು ಬೆಕ್ಕು ತಂದು ಸಾಕಿದರು. ಪಾಪ, ಅದು ಏಳು ವರ್ಷದಿಂದ ಒಂದು ಇಲಿಯನ್ನೂ ಹಿಡಿದಿಲ್ಲ. ದಿನಕರ ಅವರೇ, ಆ ಇಲಿ ನಾನು.

ಭಾರತಿಗೆ ಬಲೆಯ ಕೆಲಸ ಕಲಿಸಿದವನೂ ನಾನೇ. ಗಂಡ ಸತ್ತವಳಿಗೆ ಆಧಾರವಾಗಲಿ ಎಂದು ಕಲಿಸಿದೆ. ಅವಳ ಮುಖ ನೋಡಿ ನಿಜ ಹೇಳಲಾರದೆ ಕಲಿಸಿದೆ. ಇಗೋ, ವೇದಿಕೆಯ ಮೇಲೆ ಹಾರ ಹಾಕಿ ನಿಲ್ಲಿಸಿದ್ದೀರಲ್ಲ ಈ ಚೀಲ, ಇದು ಅವಳು ಹೊಲಿದ ಮಾದರಿ. ಬೆಳಿಗ್ಗೆ ಇದರ ಮೇಲೆ ಬೆರಳಾಡಿಸಿದೆ. ಗಂಟು ಸಿಗಲಿಲ್ಲ. ನಾನು ಅವಳಿಗೆ ಅಷ್ಟು ಚೆನ್ನಾಗಿ ಕಲಿಸಿದ್ದೇನೆ.

ದಿನಕರ ಅವರೇ, ಎಂಟು ಹೆಣ್ಣುಮಕ್ಕಳಿಗೆ ಕೆಲಸ ಕೊಡಿ. ಹೊಸ ಚೀಲ ಪರೀಕ್ಷಿಸುವ ಯಂತ್ರ ಹಿಡಿಯಲು ಕಲಿಸಿ. ಸುಣ್ಣದ ಚೀಲ ಹೊಲಿಸಿ. ಗಂಧಕಕ್ಕೆ ಹೊಲಿದ ಚೀಲ ಬೇಡ. ಎಷ್ಟು ಚೆಂದ ಹೊಲಿದಿದ್ದಾರೋ ಅಷ್ಟು ಬೇಡ. ಮತ್ತು ಗೇಟಿನ ಗೋಡೆಗೆ ಇವತ್ತೇ ಸುಣ್ಣ ಬಳಿಸಿ. ಅವನು ಮರೆಯಲಿಲ್ಲ. ಶನಿಯಾರ ಏಡಿ ಹಾಕಿದ್ದ.

ಇನ್ನೊಂದೇ ಮಾತು. ಆ ತುಂಡು ಒಂಬತ್ತು ವರ್ಷದಿಂದ ನನ್ನ ತಗಡಿನ ಡಬ್ಬಿಯಲ್ಲಿದೆ. ಮಳೆಗಾಲದಲ್ಲಿ ಸತ್ತ ಎಲೆಯ ಹಾಗೆ ತಳದಲ್ಲಿ ಬಿದ್ದಿರುತ್ತದೆ. ಜನವರಿಯಲ್ಲಿ ಡಬ್ಬಿ ತೆಗೆದರೆ ಮುಚ್ಚಳಕ್ಕೆ ಅಂಟಿಕೊಂಡಿರುತ್ತದೆ. ಯಾರು ಉಜ್ಜುತ್ತಾರೆ ಅದನ್ನು, ಮುಚ್ಚಿದ ಡಬ್ಬಿಯೊಳಗೆ? ಇವತ್ತು ತಂದಿದ್ದೇನೆ. ಇಗೋ ನನ್ನ ಅಂಗೈ. ಕೆಳಮುಖ ಮಾಡುತ್ತೇನೆ. ಕೊಡವುತ್ತೇನೆ. ನೋಡಿದಿರಾ? ಬೀಳುವುದಿಲ್ಲ. ಅವನು ಅವತ್ತು ಹಿಡಿದ ಹಾಗೇ ಹಿಡಿದುಕೊಂಡಿದೆ.

ಭಾರತಿ ಎದ್ದಳು. ದಾರಿ ಬಿಡಿ ಅವಳಿಗೆ. ಬಾ ಭಾರತಿ, ಮೆಟ್ಟಿಲು ನೋಡಿಕೊಂಡು ಬಾ. ಬೈಯುವುದಿದ್ದರೆ ಮೈಕಿನಲ್ಲೇ ಬೈ, ಎಲ್ಲರೂ ಕೇಳಲಿ. ಬೇಡವೇ? ಕೈ ಚಾಚಿದ್ದಾಳೆ.

ಸಭಿಕರೇ, ನೀವೇ ಕಂಡಿರಿ. ನಾನು ಕೊಡಲಿಲ್ಲ. ಅವಳ ಬೆರಳು ಇನ್ನೂ ಗೇಣು ದೂರ ಇರುವಾಗಲೇ ಅದು ನನ್ನ ಕೈ ಬಿಟ್ಟು ಅವಳ ಅಂಗೈಗೆ ಹಾರಿತು. ಯಾರೂ ನಗಲಿಲ್ಲ ನೋಡಿ ಈ ಸಲ.

ಈಗ ಅದರ ಮೇಲೆ ಬೆರಳಾಡಿಸುತ್ತಿದ್ದಾಳೆ. ಸಿಗುತ್ತದೆ ಭಾರತಿ, ಬಲಗಡೆಯ ಅಂಚಿನಲ್ಲಿ ಹುಡುಕು. ನಿನಗೆ ಸಿಗುತ್ತದೆ.

ಈ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಇಳಿಯುತ್ತೇನೆ. ಇಷ್ಟು ಹೊತ್ತು ಹಸಿವು ಕಟ್ಟಿ ಕುಳಿತವರಿಗೆಲ್ಲ ನನ್ನ ಕೃತಜ್ಞತೆ. ಒಂಬತ್ತು ವರ್ಷದ ಮೇಲೆ ಎರಡು ಬರಿಗೈ ಜೋಡಿಸುತ್ತಿದ್ದೇನೆ. ನಮಸ್ಕಾರ.